‘ಪ್ರೈವೇಟ್ ಡ್ಯಾಂ ಇದೆ ಸಾರ್’ ಅನ್ನುವ ಹೋಂಸ್ಟೇಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಸಕಲೇಶಪುರದ ಕಡೆ ‘ಪ್ರೈವೇಟ್ ಡ್ಯಾಂ, ಕಯಾಕಿಂಗ್, ಈಜು, ಡ್ಯಾಂ ವ್ಯೂ ಟೆಂಟ್’ ಅಂತ ಜಾಹೀರಾತು ನೋಡಿ ಮಳೆಗಾಲದಲ್ಲಿ ಬುಕ್ ಮಾಡಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಫುಲ್ ಪೇಮೆಂಟ್ ಅಂತೂ ದಯವಿಟ್ಟು ಮಾಡಬೇಡಿ. ಹೋಂಸ್ಟೇ ಹೆಸರು ಹಾಕುತ್ತಿಲ್ಲ. ಅದೊಂದೇ ಆಗಿದ್ದರೆ ಹಾಕುತ್ತಿದ್ದೆನೇನೋ, ಆ ರಸ್ತೆಯುದ್ದಕ್ಕೂ ಇಂಥದೇ ಬೋರ್ಡುಗಳನ್ನು ನೋಡಿಕೊಂಡು ಬಂದೆ.

ಕಾಫಿ ತೋಟದವರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿಕೊಂಡಿರುತ್ತಾರಲ್ಲ, ಇವರ ಡ್ಯಾಂ ಅಂದರೆ ಅದೇ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ಮಾಡಿಕೊಂಡಿದ್ದು. ಅದರಲ್ಲಿ ತಪ್ಪೇನೂ ಇಲ್ಲ, ತೋಟಕ್ಕೆ ನೀರು ಬೇಕಲ್ವಾ. ಆದರೆ ತಲೆಗೆ ಇಷ್ಟು ಅಂತ ದುಡ್ಡು ಎಣಿಸಿಕೊಂಡು ಅದೇ ನೀರಿಗೆ ಮಕ್ಕಳನ್ನು ಇಳಿಸುತ್ತಾರಲ್ಲ, ನನ್ನ ಸಿಟ್ಟು ಅದಕ್ಕೆ.

ಆಗಸ್ಟ್ 15ರ ರಜೆಗೆ ಅಕ್ಕ, ಬಾವ, ಅವರ ಮಕ್ಕಳು, ನಾವು ಎಲ್ಲ ಸೇರಿ ಹೋಗೋಣ ಅಂತ ನಾನೇ ಮುಂದೆ ನಿಂತು ಮಾತಾಡಿದ್ದೆ. ವಾಟ್ಸಾಪ್‌ನಲ್ಲಿ ಕೇಳಿದೆ, “ಲೈಫ್ ಜಾಕೆಟ್ ಇದೆಯಾ?” “ಎಲ್ಲಾ ಇದೆ ಸಾರ್.” “ಮಕ್ಕಳ ಸೈಜು?” “ಎಲ್ಲಾ ಇದೆ ಸಾರ್.” “ಲೈಫ್‌ಗಾರ್ಡ್?” “ಟ್ರೇನ್ಡ್ ಹುಡುಗ ಇದ್ದಾನೆ ಸಾರ್, ನೀವು ಟೆನ್ಷನ್ ಬಿಡಿ.” ಸ್ಕ್ರೀನ್‌ಶಾಟ್ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅದಾದ ಮೇಲೆ ಪೂರ್ತಿ ದುಡ್ಡು ಫೋನ್‌ಪೇ ಮಾಡಿಸಿಕೊಂಡರು. ರಜೆ ಟೈಮಂತೆ, ಅಡ್ವಾನ್ಸ್ ಮಾತ್ರ ಕೊಟ್ಟರೆ ರೂಂ ಹಿಡಿದಿಡಲ್ಲವಂತೆ.

ಅಲ್ಲಿ ಹೋಗಿ ಇಳಿದರೆ ಮೊದಲು ಒಂದು ಪೇಪರ್ ಮುಂದಿಟ್ಟರು. ನೀರಿನಲ್ಲಿ ಏನೇ ಆದರೂ ಮಾಲೀಕರು ಹೊಣೆಯಲ್ಲ, ನಮ್ಮ ಸ್ವಂತ ಜವಾಬ್ದಾರಿಯಲ್ಲಿ ಇಳಿಯುತ್ತಿದ್ದೇವೆ ಅಂತ. ನನ್ನ ಹೆಂಡತಿ, “ಇದನ್ನ ದುಡ್ಡು ತಗೊಳ್ಳೋ ಮುಂಚೆ ಯಾಕೆ ತೋರಿಸಲಿಲ್ಲ?” ಅಂದಳು. ತೋಟದ ಲೆಕ್ಕಪತ್ರ ನೋಡುವ ರೈಟರ್ ನಕ್ಕರು. “ಸುಮ್ನೆ ಫಾರ್ಮಾಲಿಟಿ ಮೇಡಂ, ಎಲ್ಲರೂ ಹಾಕ್ತಾರೆ.” ಸಹಿ ಹಾಕದಿದ್ದರೆ? “ಕೀ ಕೊಡೋಕೆ ಸಾಹುಕಾರ್ರು ಬೇಡ ಅಂದಿದ್ದಾರೆ.” ಹೊರಗೆ ಮಳೆ, ಮಕ್ಕಳಿಗೆ ಹಸಿವು. ಹಾಕಿದೆವು.

ಊಟ ಆದ ಮೇಲೆ ಏರಿ ಹತ್ತಿರ ಹೋದೆವು. ಜಾಕೆಟ್‌ಗಳು ಪಂಪ್ ಶೆಡ್ಡಿನ ಮೊಳೆಗೆ ನೇತಾಡುತ್ತಿದ್ದವು. ಒಂದರ ಬಕಲ್ ಮುರಿದು ನೈಲಾನ್ ಹಗ್ಗ ಕಟ್ಟಿದ್ದರು. ಇನ್ನೊಂದರ ಹೊಲಿಗೆ ಬಿಟ್ಟು ಒಳಗಿನ ಫೋಮು ಪುಡಿಪುಡಿಯಾಗಿ ಕೈಗೆ ಬಂತು. ಮಕ್ಕಳ ಸೈಜು ಇಲ್ಲವೇ ಇಲ್ಲ. ಅಕ್ಕನ ಚಿಕ್ಕ ಮಗಳಿಗೆ ದೊಡ್ಡವರದ್ದೇ ತೊಡಿಸಿ, “ಫಿಟ್ ಆಯ್ತು ನೋಡಿ” ಅಂದರು. ನಾನು ಜಾಕೆಟ್‌ನ ಭುಜ ಹಿಡಿದು ಮೇಲೆತ್ತಿದೆ. ಜಾಕೆಟ್ ನನ್ನ ಕೈಯಲ್ಲಿ ಬಂತು, ಮಗು ನೆಲದ ಮೇಲೇ ನಿಂತಿತ್ತು.

“ಲೈಫ್‌ಗಾರ್ಡ್ ಎಲ್ಲಿ?” ಅಂದೆ. ಮಧ್ಯಾಹ್ನ ನಮಗೆ ಅಕ್ಕಿ ರೊಟ್ಟಿ ಬಡಿಸಿದ ಹುಡುಗನೇ ಕುತ್ತಿಗೆಗೆ ಸೀಟಿ ಹಾಕಿಕೊಂಡು ಬಂದ. ಕೈಯಲ್ಲಿ ಇನ್ನೂ ಹಿಟ್ಟಿತ್ತು.

“ಏನಪ್ಪಾ, ಈಜು ಬರುತ್ತಾ?”

ಅವನು ರೈಟರ್ ಮುಖ ನೋಡಿದ. “ಸ್ವಲ್ಪ ಬರುತ್ತೆ ಸಾರ್... ದಡದ ಹತ್ತಿರ.”

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಪಾಪ, ಅವನಿಗೆ ಸೀಟಿ ಕೊಟ್ಟವರ ಮೇಲೆ ಕೋಪ. ಟ್ರೇನ್ಡ್ ಹುಡುಗ! ಬಾವ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯಲು ಆಗಲ್ಲ. ನನ್ನ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. “2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರ ರೆಸಾರ್ಟ್‌ನ ಈಜುಕೊಳದಲ್ಲೇ ನಮ್ಮ ಮೈಸೂರಿನ ಮೂರು ಹುಡುಗಿಯರು ಮುಳುಗಿ ಹೋದ್ರಲ್ಲ, ಪೇಪರ್ ಓದಲ್ವೇನ್ರೀ ನೀವು?” ಅಂದಳು. ರೈಟರ್ ಉತ್ತರ ಕೇಳಿ: “ಅದು ಪೂಲ್ ಮೇಡಂ. ಇದು ನ್ಯಾಚುರಲ್.”

ನ್ಯಾಚುರಲ್ ಅಂತೆ. ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯ ದಾರಿಯಲ್ಲಿ ಹೊರಗೆ ಹರಿಯುತ್ತಿತ್ತು. ಕಯಾಕ್ ಇಳಿಸುವ ಜಾಗ ಕೋಡಿಗೆ ಕೂಗಳತೆಗಿಂತಲೂ ಹತ್ತಿರ. ಅಡ್ಡಲಾಗಿ ಒಂದು ಹಗ್ಗ, ತೇಲುವ ಒಂದು ಡಬ್ಬ, ಏನೂ ಕಟ್ಟಿಲ್ಲ. ಹುಟ್ಟು ಹಾಕುವುದು ಬಿಟ್ಟರೆ ದೋಣಿ ತಾನಾಗೇ ಆ ಕಡೆಗೆ ಜಾರುತ್ತದೆ. ತೂಬು, ಅಂದರೆ ಕೆರೆಯ ತಳದಿಂದ ನೀರು ಬಿಡುವ ಕಿಂಡಿ, ಎಲ್ಲಿದೆ ಅಂತ ಕೇಳಿದೆ. “ಅಲ್ಲೇ ಎಲ್ಲೋ ಒಳಗೆ ಇದೆ ಸಾರ್.” ಪಂಪಿನ ಪೈಪು ಎಲ್ಲಿಂದ ಎಳೆಯುತ್ತೆ? “ಅದೂ ಅಲ್ಲೇ.” ತೂಬು ತೆರೆದಿದ್ದರೆ ಮೇಲೆ ನಿಂತವರಿಗೆ ನೀರು ಶಾಂತವಾಗೇ ಕಾಣುತ್ತದೆ. ಕೆಳಗೆ ಅದರ ಬಾಯಿಗೆ ಕಾಲೋ ಕೈಯೋ ಸಿಕ್ಕಿದರೆ ಒಳ್ಳೆ ಈಜುಗಾರನೂ ಬಿಡಿಸಿಕೊಂಡು ಬರುವುದು ಕಷ್ಟ. ಅದು ಎಲ್ಲಿದೆ ಅಂತಲೇ ಇವರಿಗೆ ಗೊತ್ತಿಲ್ಲ.

ಇನ್ನು ಕೋಡಿಯ ಬಾಯಿಗೆ ಕಬ್ಬಿಣದ ಸರಳು ನೆಟ್ಟು ಬಲೆ ಬಿಗಿದಿದ್ದರು. ಗಾಳ ಹಾಕಲು ಬರುವ ಗೆಸ್ಟುಗಳಿಗೆ ಕಾಟ್ಲಾ ಮೀನು ಬಿಟ್ಟಿದ್ದಾರಂತೆ, ಅದು ಕೊಚ್ಚಿಕೊಂಡು ಹೋಗಬಾರದಂತೆ. ಬಲೆ ತುಂಬ ಎಲೆ, ಮುರಿದ ಸಿಲ್ವರ್ ಓಕ್ ಕೊಂಬೆ, ಬಿಸ್ಲೇರಿ ಬಾಟಲಿ. ನೀರು ಸರಾಗವಾಗಿ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಏರುತ್ತಿತ್ತು. ಬಾವ ಕೆರೆ ಬಯಲಿನಲ್ಲೇ ಬೆಳೆದವರು, ತುಮಕೂರು ಕಡೆಯವರು. ನೋಡಿದ ಕೂಡಲೇ ಅಂದರು, “ನೋಡೋ, ಮಣ್ಣಿನ ಏರಿ ಮೇಲೆ ಒಂದ್ಸಲ ನೀರು ಹತ್ತಿದ್ರೆ ಮುಗೀತು, ಕೊರೆದುಕೊಂಡೇ ಹೋಗುತ್ತೆ. ಕೋಡಿ ಇರೋದೇ ಅದು ಆಗದಿರಲಿ ಅಂತ.” ಏರಿಯ ಹಿಂಬದಿಗೆ ಇಳಿದು ನೋಡಿದರು. ಒಂದು ಕಡೆ ನೀರು ಜಿನುಗುತ್ತಿತ್ತು. ತಿಳಿಯಾಗಿಯೇ ಇತ್ತು, ಸುಳ್ಳು ಹೇಳಲ್ಲ. ಕದಡಿದ ನೀರು ಬಂದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಅಂತ ಅರ್ಥ, ಆಗ ಓಡಬೇಕು ಅಂದರು. ಏರಿ ಮೇಲೆ ದೊಡ್ಡ ಮರಗಳು, ಏಡಿ ಬಿಲಗಳು ಬೇರೆ.

ಅಲ್ಲಿಂದ ನಾಲ್ಕು ಹೆಜ್ಜೆ ಕೆಳಗೆ ನೋಡಿದರೆ ನಮ್ಮ ಟೆಂಟು! ‘ಡ್ಯಾಂ ವ್ಯೂ’ ಅಂದರೆ ಏರಿಯ ಬುಡ. ಮಳೆಗಾಲದಲ್ಲಿ, ರಾತ್ರಿ, ಮಕ್ಕಳ ಜೊತೆ. ನನಗೆ ಮೈ ಉರಿದು ಹೋಯಿತು.

ಸಾಹುಕಾರ್ರಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿದ್ದರು. “ನಮ್ಮ ತಾತ ಕಟ್ಟಿಸಿದ್ದು, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ.” ಸರಿ, ಬಲೆ ತೆಗೆಸಿ ಅಂದೆ. “ಮೀನು ಹೋದ್ರೆ ಲಾಸ್ ನೀವು ಕೊಡ್ತೀರಾ?” ಯಾರಾದರೂ ಎಂಜಿನಿಯರ್ ಬಂದು ನೋಡಿದ್ದಾರಾ? “ಟೂರಿಸಂ ಡಿಪಾರ್ಟ್‌ಮೆಂಟ್ ರಿಜಿಸ್ಟ್ರೇಷನ್ ನಂಬರ್ ಇದೆ ನಮಗೆ.” ಆ ನಂಬರ್ ಮನೆಗೆ ರೀ, ಕೆರೆಗೆ ಏನಿದೆ ಅಂದೆ. “ಡ್ಯಾಂ ಸೇಫ್ಟಿ ಆಕ್ಟ್ ನಮಗೆ ಅನ್ವಯ ಆಗಲ್ಲ, ತಿಳ್ಕೊಂಡು ಮಾತಾಡಿ.”

ಮನೆಗೆ ಬಂದು ತಿಳಿದುಕೊಂಡೆ. ಹೊಟ್ಟೆ ಉರಿಯುವ ವಿಷಯ ಅಂದರೆ ಅವರು ಹೇಳಿದ ಮಾತುಗಳಲ್ಲಿ ಅದೊಂದೇ ನಿಜ. 2021ರ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಒಳಗಿದ್ದರೆ 500 ಮೀಟರ್ ಉದ್ದವೋ, 10 ಲಕ್ಷ ಘನ ಮೀಟರ್ ನೀರೋ, ಇಂಥ ಯಾವುದಾದರೂ ಷರತ್ತಿಗೆ ಸರಿಹೊಂದಬೇಕು. ತೋಟದ ಕೆರೆ ಎಲ್ಲಿ ಆ ಲೆಕ್ಕಕ್ಕೆ ಬರುತ್ತೆ? ಅದಕ್ಕೇ ಅಷ್ಟು ಧೈರ್ಯ.

ಸಂಜೆಯೇ ಸಾಮಾನು ಕಟ್ಟಿ ಸಕಲೇಶಪುರದ ಒಂದು ಲಾಡ್ಜ್‌ಗೆ ಬಂದೆವು. ದುಡ್ಡು ವಾಪಸ್ ಕೇಳಿದರೆ, “ನೀವಾಗೇ ಹೋಗಿದ್ದು ಸಾರ್, ನಾವೇನು ಕಳಿಸಿಲ್ಲ.” ನಾನೂ ಬಿಡಲಿಲ್ಲ. ಅಮೆರಿಕದ ಜಾನ್ಸ್‌ಟೌನ್ ಅನ್ನುವ ಊರಿನ ಕಥೆ ಬರೆದು ಕಳಿಸಿದೆ. ಅಲ್ಲಿನ ಶ್ರೀಮಂತರ ಮೀನು ಹಿಡಿಯುವ ಕ್ಲಬ್ಬಿನ ಸ್ವಂತ ಮಣ್ಣಿನ ಅಣೆಕಟ್ಟು. ಮೀನು ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ದರು, ಥೇಟ್ ಇವರ ಹಾಗೆ. 1889ರ ಮೇ 31ರ ಮಳೆಗೆ ಜಾಲರಿಗೆ ಕಸ ಕಟ್ಟಿತು, ನೀರು ಏರಿಯ ಮೇಲೆ ಹತ್ತಿತು, ಏರಿ ಒಡೆಯಿತು. ಸತ್ತವರು 2,209 ಜನ. ಜಾಲರಿ ಒಂದೇ ಕಾರಣ ಅಲ್ಲ, ಏರಿಯನ್ನೂ ತಗ್ಗಿಸಿದ್ದರು, ನೀರು ಬಿಡುವ ಪೈಪುಗಳನ್ನು ಹಿಂದಿನವರೇ ಕಿತ್ತು ಮಾರಿದ್ದರು. ಇಷ್ಟೆಲ್ಲ ಬರೆದರೆ ಬಂದ ಉತ್ತರ: “ಸಾರ್ ಅದು ಅಮೆರಿಕಾ.”

ಸರಿ, ಕೀನ್ಯಾ ತಗೊಳ್ಳಿ ಅಂದೆ. 2018ರ ಮೇನಲ್ಲಿ ಸೋಲಾಯ್ ಅನ್ನುವ ಊರಿನ ಮೇಲೆ ಖಾಸಗಿ ತೋಟದ ಅಣೆಕಟ್ಟು ರಾತ್ರಿ ಹೊತ್ತು ಒಡೆದು 40ಕ್ಕೂ ಹೆಚ್ಚು ಜನ ಹೋದರು. ಅದೂ ತೋಟಕ್ಕೆ ಅಂತಲೇ ನಿಲ್ಲಿಸಿದ ನೀರು. ಉತ್ತರ: “ನಿಮ್ಮಂಥ ನೆಗೆಟಿವ್ ಗೆಸ್ಟ್ ಫಸ್ಟ್ ಟೈಮ್ ನೋಡ್ತಿರೋದು.” ಪಕ್ಕದಲ್ಲಿ ಕೈ ಮುಗಿಯುವ ಇಮೋಜಿ. ಆಮೇಲೆ ಬ್ಲಾಕ್.

ಹೋಗಲೇಬೇಕು ಅನ್ನುವವರು ಜಾಕೆಟ್‌ಗಳ ವಿಡಿಯೋ ತರಿಸಿಕೊಂಡು ನೋಡಿ, ‘ಎಲ್ಲಾ ಇದೆ ಸಾರ್’ ಅನ್ನುವ ಮಾತನ್ನು ನಂಬಬೇಡಿ. ಕೋಡಿ ಹರಿಯುವಾಗ ನೀರಿಗೆ ಇಳಿಯಬೇಡಿ. ತೂಬು, ಪಂಪು ಎಲ್ಲಿದೆ ಅಂತ ತೋರಿಸಲಾಗದವರ ಕೆರೆಗೆ ಮಳೆಗಾಲ ಇರಲಿ, ಬೇಸಿಗೆಯಲ್ಲೂ ಇಳಿಯಬೇಡಿ. ಏರಿ ಕೆಳಗೆ ಟೆಂಟ್ ಹಾಕಿದ್ದರೆ ಜಗಳ ಮಾಡಿಯಾದರೂ ಜಾಗ ಬದಲಾಯಿಸಿ. ಸಹಿ ಹಾಕಿಸುವ ಪೇಪರ್ ಇದ್ದರೆ ದುಡ್ಡು ಹಾಕುವ ಮುಂಚೆಯೇ ಕಳಿಸಿ ಅನ್ನಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗ್ರಾಮ ಪಂಚಾಯ್ತಿಗೂ ಫೋಟೋ ಸಮೇತ ಅರ್ಜಿ ಕಳಿಸಿದ್ದೇನೆ. ದುಡ್ಡು ಬಂದಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಬಾವ, “ಮತ್ತೆ ಡ್ಯಾಂಗೆ ಯಾವಾಗ?” ಅಂತ ಕೇಳುವುದು ಮಾತ್ರ ತಪ್ಪಿಲ್ಲ. ಮೊನ್ನೆ ಹೆಂಡತಿಯ ಫೋನಿನಲ್ಲಿ ಅವರ ಜಾಹೀರಾತು ನೋಡಿದೆ. ‘ಲೈಫ್‌ಗಾರ್ಡ್’ ಅನ್ನುವುದನ್ನು ತೆಗೆದು ‘ಕೇರ್‌ಟೇಕರ್ ಇದ್ದಾರೆ’ ಅಂತ ಹಾಕಿದ್ದಾರೆ. ಕೋಡಿ ಹತ್ತಿರ ನಿಂತು ನಗುತ್ತಿರುವ ಯಾರದೋ ಫೋಟೋ ಇದೆ, ಹಿಂದೆ ಬಲೆ ಹಾಗೇ ಇದೆ. ರೇಟು ತಲೆಗೆ ಇನ್ನೂರು ಜಾಸ್ತಿಯಾಗಿದೆ.