ಬೆಂಗಳೂರಿನ ಸಂಗೀತ ಕಛೇರಿ ಜಾಗಗಳು: ಎಲ್ಲಿ ಕೂತರೆ ಏನು ಕೇಳಿಸುತ್ತೆ?

ಕಛೇರಿ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ರಸಿಕರ ಮಾತಿಗೆ ಕಿವಿಗೊಟ್ಟರೆ ಒಂದು ತಮಾಷೆ ಗೊತ್ತಾಗುತ್ತದೆ. ಒಬ್ಬರಿಗೆ ತೋಡಿ ರಾಗದ ಆಲಾಪನೆ ಪರಮಾನಂದ. ಪಕ್ಕದವರಿಗೆ ಮೃದಂಗದ ಅಬ್ಬರದಲ್ಲಿ ಸಾಹಿತ್ಯದ ಒಂದಕ್ಷರವೂ ಕಿವಿಗೆ ಬಿದ್ದಿಲ್ಲ. ಮೂರನೆಯವರು ‘ಪಿಟೀಲು ಇತ್ತೇನ್ರೀ?’ ಎಂದು ಕೇಳುತ್ತಾರೆ. ಮೂವರದ್ದೂ ನಿಜವೇ; ಕೂತಿದ್ದ ಸಾಲು ಬೇರೆ, ಅಷ್ಟೆ. ಕಲಾವಿದರ ಮನೋಧರ್ಮದ (ವೇದಿಕೆಯಲ್ಲೇ ಹುಟ್ಟುವ ಕಲ್ಪನೆಯ) ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಅಂಕ ಕೊಡುತ್ತಿರುವುದು ಜಾಗಕ್ಕೆ, ಮೈಕಿಗೆ, ಕುರ್ಚಿಗೆ.

ಬೆಂಗಳೂರಿನಲ್ಲಿ ಸಂಗೀತದ ಹಬ್ಬ ಎಂದರೆ ಮೊದಲು ರಾಮನವಮಿ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರು ಮಾಡಿದರು. ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಸುಮಾರು ಒಂದು ತಿಂಗಳು ಸಂಜೆ ಸಂಜೆ ಕಛೇರಿ. ಎಂ.ಎಸ್. ಸುಬ್ಬುಲಕ್ಷ್ಮಿಯವರಿಂದ ಭೀಮಸೇನ ಜೋಶಿಯವರವರೆಗೆ ಹಾಡಿಹೋದ ವೇದಿಕೆ ಅದು. ವಾತಾವರಣಕ್ಕೆ ಪೂರ್ತಿ ಅಂಕ. ಪಾನಕ, ಕೋಸಂಬರಿಯ ಋತು, ಮಲ್ಲಿಗೆ ಮುಡಿದ ಅಜ್ಜಿಯರು, ತೊಡೆಯ ಮೇಲೆ ತಾಳ ಹಾಕುತ್ತಾ ಆವರ್ತ (ತಾಳದ ಸುತ್ತು) ತಪ್ಪಿದರೆ ಹುಬ್ಬೇರಿಸುವ ಹಿರಿಯರು. ಇಂಥ ಸಭೆ ಎ.ಸಿ. ಹಾಲ್‌ನಲ್ಲಿ ಸೇರುವುದಿಲ್ಲ.

ಆದರೆ ಪೆಂಡಾಲು ಪೆಂಡಾಲೇ. ಗೋಡೆಯಿಲ್ಲದ ಕಡೆ ಧ್ವನಿ ಹೊಡೆದು ಹಿಂತಿರುಗಲು ಏನೂ ಇಲ್ಲ. ಹಾಗಾಗಿ ಕಂಠಕ್ಕೆ ಸಿಗಬೇಕಾದ ತುಂಬು ತಾನಾಗಿ ಸಿಗುವುದಿಲ್ಲ. ಎಲ್ಲವೂ ಸ್ಪೀಕರಿನಿಂದಲೇ ಬರಬೇಕು. ಪಕ್ಕದ ರಸ್ತೆಯ ಹಾರ್ನ್ ಮಂದ್ರಸ್ಥಾಯಿಯ, ಅಂದರೆ ತಗ್ಗಿನ ಸ್ವರಗಳ ಆಲಾಪನೆಯನ್ನು ನುಂಗುತ್ತದೆ. ನೀಲಾಂಬರಿಯನ್ನೋ ಯದುಕುಲಕಾಂಬೋಧಿಯನ್ನೋ ನಿಧಾನವಾಗಿ ಬಿಡಿಸುವ ಗಾಯಕರಿಗೆ ಇಲ್ಲಿ ನಷ್ಟ ಜಾಸ್ತಿ. ಚುರುಕಾದ ಮಧ್ಯಮಕಾಲದಲ್ಲಿ ಜಮಾಯಿಸುವವರಿಗೆ ಈ ಜಾಗ ಒಗ್ಗುತ್ತದೆ. ಏಪ್ರಿಲ್‌ನ ಮಾವಿನ ಮಳೆ ಬಂತೆಂದರೆ ಮೇಲ್ಛಾವಣಿಯ ಸದ್ದಿಗೆ ಯಾವ ಮೈಕೂ ಸಾಟಿಯಲ್ಲ. ಮೋಡ ಕಟ್ಟಿದ ಸಂಜೆ ಅಂಚಿನ ಕುರ್ಚಿ ಬಿಟ್ಟು ನಡುವೆ ಕೂರುವುದು ಮೇಲು.

ಮೊದಲ ಎರಡು ಮೂರು ಸಾಲು ಸಿಕ್ಕಿತೆಂದು ಹಿಗ್ಗಬೇಡಿ. ಮುಖ್ಯ ಸ್ಪೀಕರುಗಳು ವೇದಿಕೆಯ ಎರಡು ತುದಿಯಲ್ಲಿರುತ್ತವೆ; ಅವುಗಳ ಧ್ವನಿ ಮುಂದಿನ ಸಾಲಿನವರ ತಲೆಯ ಮೇಲಿಂದಲೋ ಪಕ್ಕದಿಂದಲೋ ಹಾದುಹೋಗುತ್ತದೆ. ಅಲ್ಲಿ ಕೂತವರಿಗೆ ಕೇಳಿಸುವುದು ಕಲಾವಿದರಿಗೇ ಕೇಳಿಸಲೆಂದು ವೇದಿಕೆಯ ಮೇಲಿಟ್ಟ ಮಾನಿಟರ್ ಸ್ಪೀಕರುಗಳ ಬೆನ್ನು ಮತ್ತು ಮೃದಂಗದ ನೇರ ಪೆಟ್ಟು. ಸುಲಭದ ಲೆಕ್ಕ ಒಂದಿದೆ: ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರ ವೇದಿಕೆಯಿಂದ ಹಿಂದಕ್ಕೆ, ನಡುಮಧ್ಯದಲ್ಲಿ ಕೂರುವುದು. ಸಾಮಾನ್ಯವಾಗಿ ಇದು ಆರರಿಂದ ಹತ್ತನೆಯ ಸಾಲಿನ ಆಸುಪಾಸು. ಮುಂದಿನ ಸಾಲುಗಳು ಹೇಗಿದ್ದರೂ ದಾನಿಗಳಿಗೆ, ಪಾಸಿನವರಿಗೆ ಮೀಸಲು. ಈ ವಿಷಯದಲ್ಲಿ ಟಿಕೆಟ್ ಕೊಂಡ ಸಾಮಾನ್ಯ ರಸಿಕರೇ ಗೆದ್ದವರು.

ತೀರಾ ಹಿಂದೆ ಕೂರುವವರಿಗೆ ಇನ್ನೊಂದು ತೊಂದರೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದಿರುವ ಕಿವಿಗೆ ಮುಖ್ಯ ಸ್ಪೀಕರಿನ ಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಅದೇ ಜಾಗದಲ್ಲಿ ಕಂಬಕ್ಕೆ ಹೆಚ್ಚುವರಿ ಸ್ಪೀಕರ್ ಕಟ್ಟಿದ್ದರೆ ಅದರ ಧ್ವನಿ ಕೂಡಲೇ ಬರುತ್ತದೆ. ಈ ಎರಡನ್ನೂ ಹೊಂದಿಸಲು ಹಿಂದಿನ ಸ್ಪೀಕರಿಗೆ ಅಷ್ಟೇ ಪ್ರಮಾಣದ ಡಿಲೇ (ಬೇಕೆಂದೇ ಮಾಡುವ ತಡ) ಕೊಡಬೇಕು. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದು ಒಂದು ನಿಮಿಷದ ಕೆಲಸ. ಕೊಡದಿದ್ದರೆ ಏನಾಗುತ್ತದೆ? ಮೃದಂಗದ ಬೆರಳು ಸೆಕೆಂಡಿಗೆ ಎಂಟು ಪೆಟ್ಟಿನ ವೇಗದಲ್ಲಿದ್ದರೆ ಪೆಟ್ಟಿಗೂ ಪೆಟ್ಟಿಗೂ ನಡುವಿನ ಅಂತರ 0.125 ಸೆಕೆಂಡು. ತಡವಾಗಿ ಬಂದ ಹಳೆಯ ಪೆಟ್ಟು ಹೊಸ ಪೆಟ್ಟಿನ ಮೈಮೇಲೆ ಬೀಳುತ್ತದೆ. ನಡೆ (ಮಾತ್ರೆಗೆ ಎಷ್ಟು ಪೆಟ್ಟು ಎಂಬ ಲೆಕ್ಕ) ಯಾವುದು, ಮುಕ್ತಾಯದತ್ತ ಒಯ್ಯುವ ಮೋಹರಾ ಎಲ್ಲಿ ಶುರುವಾಯಿತು ಎಂದು ಪಳಗಿದವರಿಗೂ ಗೊತ್ತಾಗುವುದಿಲ್ಲ. ಮೃದಂಗ ವಿದ್ವಾಂಸರು ಪಾಪ ಬೈಗುಳ ತಿನ್ನುತ್ತಾರೆ. ನೀವು ಕೂತ ಕಡೆ ಪ್ರತಿ ಪೆಟ್ಟೂ ಜೋಡಿಯಾಗಿ ಕೇಳಿಸಿದರೆ ಕಂಬದ ಸ್ಪೀಕರಿನಿಂದ ದೂರ ಸರಿದು ಮುಂದಕ್ಕೆ ಹೋಗಿ. ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜದ ಸ್ವಭಾವವೇ ಬೇರೆ. 1905ರ ಸಂಸ್ಥೆ, ವಾರ್ಷಿಕ ಸಂಗೀತ ಸಮ್ಮೇಳನ, ಬೆಳಗಿನ ವಿದ್ವತ್ ಗೋಷ್ಠಿ, ಸಂಗೀತ ಕಲಾರತ್ನ ಬಿರುದು ಎಲ್ಲವೂ ಇಲ್ಲಿ. ಸಭೆಯಲ್ಲಿ ಕಲಿಯುವವರು, ಕಲಿಸುವವರು ಜಾಸ್ತಿ. ನಾಲ್ಕು ಗೋಡೆಯೊಳಗಿನ ಹಾಲ್ ಆದ್ದರಿಂದ ಮೈಕು ಹದವಾಗಿದ್ದರೆ ಪಿಟೀಲಿನ ಗಮಕದ (ಸ್ವರದ ತೂಗಾಟದ) ನಯ ಹಿಂದಿನ ಸಾಲಿಗೂ ತಲುಪುತ್ತದೆ. ಕಛೇರಿಯ ವಿಸ್ತಾರದ ಭಾಗವಾದ ರಾಗ-ತಾನ-ಪಲ್ಲವಿ ಕೇಳಬೇಕೆಂದಿದ್ದರೆ ನಮ್ಮ ಓಟು ಇದಕ್ಕೆ. ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಕಾರು ತಂದು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಕಛೇರಿ ಶುರುವಾಗುವ ವರ್ಣ ಎಂಬ ರಚನೆ ಮುಗಿದಿರುತ್ತದೆ.

ಮಲ್ಲೇಶ್ವರದ ಕಡೆಯ ಚೌಡಯ್ಯ ಸ್ಮಾರಕ ಭವನದ ಬಗ್ಗೆ ಎಲ್ಲರೂ ಹೇಳುವುದು ಅದರ ಪಿಟೀಲಿನ ಆಕಾರ. 1980ರಲ್ಲಿ ಕಟ್ಟಿದ್ದು, ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಹೆಸರಿನ ಹಿಂದಿನ ಕಥೆ ನಮ್ಮ ವಿಷಯಕ್ಕೇ ಸೇರಿದ್ದು. ಪಿಟೀಲು ವಿದ್ವಾಂಸ ಮೈಸೂರು ಟಿ. ಚೌಡಯ್ಯನವರು ನುಡಿಸಲು ಶುರು ಮಾಡಿದ ಕಾಲದಲ್ಲಿ ಮೈಕು ಇರಲಿಲ್ಲ. ಗಟ್ಟಿ ಕಂಠದವರ ಪಕ್ಕದಲ್ಲಿ ಪಿಟೀಲು ಹಿಂದಿನವರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಜೋಡಿ ತಂತಿ ಒಟ್ಟಿಗೆ ನುಡಿದು ನಾದ ದಪ್ಪವಾಗುತ್ತಿತ್ತು. ಇಂದು ಆ ಕೆಲಸವನ್ನು ಮಿಕ್ಸರಿನ ಮುಂದೆ ಕೂತವರು ಒಂದು ಬೆರಳಿನಲ್ಲಿ ಮಾಡುತ್ತಾರೆ, ಬಹಳ ಸಲ ಅಳತೆ ಮೀರಿ.

ದೊಡ್ಡ ಎ.ಸಿ. ಹಾಲ್‌ಗಳಲ್ಲಿ ಗಮನಿಸಬೇಕಾದ್ದು ಮೃದಂಗದ ಶ್ರುತಿ. ಚರ್ಮ ಒಣಗಿದರೆ ಬಿಗಿಯಾಗಿ ಶ್ರುತಿ ಏರುತ್ತದೆ, ತೇವಕ್ಕೆ ಸಡಿಲವಾಗಿ ಇಳಿಯುತ್ತದೆ. ಹೊರಗಿನ ಸೆಖೆಯಿಂದ ವಾದ್ಯವನ್ನು ನೇರ ತಂಪು ವೇದಿಕೆಗೆ ತಂದರೆ ಮೊದಲ ಅರ್ಧ ಗಂಟೆ ಅದರ ಶ್ರುತಿ ನಿಲ್ಲುವುದಿಲ್ಲ. ಕೃತಿ ಕೃತಿಯ ನಡುವೆ ಕಲ್ಲು ಹಿಡಿದು ಬಲಗಡೆಯ ಅಂಚು ತಟ್ಟುವುದು ಅದಕ್ಕೇ. ಖಂಜಿರದ್ದು ಇನ್ನೂ ಫಜೀತಿ. ಚಿಕ್ಕ ಚರ್ಮ, ವಾದಕರು ನೀರಿನಲ್ಲಿ ಬೆರಳದ್ದಿ ಒಳಮೈಗೆ ಸವರಿ ನಾದವನ್ನು ಇಳಿಸಿಕೊಳ್ಳುತ್ತಾರೆ, ದೀಪದ ಬಿಸಿಗೆ ಐದೇ ನಿಮಿಷದಲ್ಲಿ ಒಣಗಿ ಮತ್ತೆ ಟಣ್ ಎನ್ನುತ್ತದೆ. ತನಿಗೆ (ತಾಳವಾದ್ಯದವರೇ ನುಡಿಸುವ ತನಿ ಆವರ್ತನಕ್ಕೆ) ಮುಂಚೆ ನೀರಿನ ಬಟ್ಟಲಿಗೆ ಕೈ ಹೋಯಿತೆಂದರೆ ಒಳ್ಳೆಯ ಸೂಚನೆ, ಗುಮುಕಿ, ಅಂದರೆ ಬಾಗಿ ಬರುವ ತಗ್ಗಿನ ನಾದ, ಕೇಳಿಸುತ್ತದೆ. ಘಟಕ್ಕೆ ಈ ಸೌಲಭ್ಯವೂ ಇಲ್ಲ. ಸುಟ್ಟ ಮಣ್ಣಿನ ಶ್ರುತಿಯನ್ನು ಬೇಕೆಂದಂತೆ ಬದಲಿಸಲಾಗದು. ಗಾಯಕರ ಶ್ರುತಿಗೆ ತಕ್ಕ ಘಟವನ್ನೇ ಆರಿಸಿ ತರಬೇಕು. ಕಛೇರಿಯ ಹೊತ್ತಿಗೆ ಶ್ರುತಿ ಅರ್ಧ ಮನೆ ಬದಲಾದರೆ ಅವರ ಗತಿ ಅಧೋಗತಿ.

ಇನ್ನು ಮೈಕು. ಕಛೇರಿ ಕೆಡುವುದು ಬಹುಪಾಲು ಇಲ್ಲೇ, ಮತ್ತು ಯಾವ ಸಭೆಯೂ ಇದಕ್ಕೆ ಹೊರತಲ್ಲ. ಸೌಂಡ್ ಚೆಕ್ ಎಂದರೆ ಜನ ಕೂತ ಮೇಲೆ ಹತ್ತು ನಿಮಿಷ ‘ಹಲೋ, ಚೆಕ್’ ಎನ್ನುವುದಲ್ಲ. ಮೊದಲು ಮಾನಿಟರುಗಳನ್ನು ಪೂರ್ತಿ ಮುಚ್ಚಿ ಕಂಠವನ್ನು ಮಾತ್ರ ಹಾಲ್‌ಗೆ ಹೊಂದಿಸಬೇಕು. ತಾರಸ್ಥಾಯಿ ಪಂಚಮ ಹಾಡಿಸಿ ನೋಡಬೇಕು, ಮಧ್ಯಸ್ಥಾಯಿಯ ಗುನುಗು ಸಾಲದು. ಮೈಕು ಬಾಯಿಂದ ಒಂದು ಗೇಣು ದೂರ. ಇನ್ನೂ ಹತ್ತಿರ ಹೋದರೆ ತಗ್ಗಿನ ಧ್ವನಿ ಉಬ್ಬಿ ಸಾಹಿತ್ಯ ಮಸುಕಾಗುತ್ತದೆ. ಕಂಠದ ಚಾನೆಲ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದರೆ ವೇದಿಕೆಯ ಧಡಧಡ ಹೋಗುತ್ತದೆ. 300 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿದರೆ ಗವ್ವೆನ್ನುವುದು ತಪ್ಪುತ್ತದೆ. ಆಮೇಲೆ ಪಿಟೀಲು, ಆಮೇಲೆ ಮೃದಂಗದ ಎರಡೂ ಮುಖ, ಕೊನೆಗೆ ಘಟ, ಖಂಜಿರದಂಥ ಉಪಪಕ್ಕವಾದ್ಯ. ಎಲ್ಲರೂ ಸೇರಿ ಜೋರಾಗಿ ಒಂದು ಚರಣ ನುಡಿಸಿದ ಮೇಲೆಯೇ ಮಾನಿಟರುಗಳನ್ನು ಒಂದೊಂದಾಗಿ ತೆರೆಯಬೇಕು.

ನಡೆಯುವುದು ತಲೆಕೆಳಗು. ಮೊದಲು ಮಾನಿಟರ್ ಏರುತ್ತದೆ. ಮೃದಂಗದವರು ಬೆರಳು ಮೇಲೆತ್ತಿ ‘ವಾಯ್ಸ್ ಜಾಸ್ತಿ’ ಎನ್ನುತ್ತಾರೆ, ಪಿಟೀಲಿನವರು ತಮ್ಮದನ್ನು ಕೇಳುತ್ತಾರೆ, ಗಾಯಕರು ತಂಬೂರಿ ಕೇಳುತ್ತಾರೆ. ಎಲ್ಲ ಏರಿದ ಮೇಲೆ ಯಾರಿಗೂ ತಮ್ಮದು ಕೇಳುವುದಿಲ್ಲ, ಇನ್ನೊಂದು ಸುತ್ತು ಬೆರಳು ಮೇಲೇಳುತ್ತದೆ. ಮಾನಿಟರಿನ ಧ್ವನಿ ಮೈಕಿಗೇ ಹೊಕ್ಕು ಕುಂಯ್ಯೆಂದು ಊಳಿಡುವುದು ಈ ಹಂತದಲ್ಲಿ. ಇಳಿಸಿ ಎಂದು ಬೆರಳು ಕೆಳಗೆ ತೋರಿಸುವ ವಿದ್ವಾಂಸರನ್ನು ಕಂಡರೆ ಕೈ ಮುಗಿಯಬೇಕು. ತಂಬೂರಿಗೆ ಫೋನಿನ ಆಪ್ ಇಟ್ಟುಕೊಳ್ಳುವವರು ಅದನ್ನು ಫ್ಲೈಟ್ ಮೋಡ್‌ಗೆ ಹಾಕುವುದು ಮರೆತರೆ ಷಡ್ಜದ ನಡುವೆ ಕೊರಿಯರ್‌ನವರ ಕರೆ ಬರುತ್ತದೆ. ಪಿಟೀಲಿನ ಮೈಗೇ ಅಂಟಿಸುವ ಚಿಕ್ಕ ಮೈಕಿನಂಥ ಪಿಕಪ್ ಕೂಡ ಒಂದು ಶಾಪ. ಗಾಳಿಯಲ್ಲಿ ಬೆಳೆಯಬೇಕಾದ ನಾದ ಮರದಿಂದ ನೇರ ತಂತಿಗೆ ಹೋಗಿ ತಗಡಿನಂತೆ ಕೇಳುತ್ತದೆ. ವೀಣೆಗೆ ಪಿಕಪ್ ಅನಿವಾರ್ಯ ಎನ್ನುವ ವಾದ ಒಪ್ಪಬಹುದು, ಪಿಟೀಲಿಗೆ ಖಂಡಿತ ಬೇಡ.

ಕಛೇರಿ ಸಾಗಿದಂತೆ ಧ್ವನಿ ಏರುತ್ತಲೇ ಹೋಗುವುದು ಎಲ್ಲ ಕಡೆಯ ರೋಗ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆಪ್ ಹಾಕಿಕೊಂಡು ವರ್ಣದಲ್ಲೊಮ್ಮೆ, ತನಿಯಲ್ಲೊಮ್ಮೆ ನೋಡಿ. ಫೋನು ನಿಖರವಲ್ಲ, ಆದರೆ ಏರಿಳಿತ ತಿಳಿಯುತ್ತದೆ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ಎಂಟು ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ. ಅಂದರೆ 94ರಲ್ಲಿ ಒಂದೇ ಗಂಟೆ. ಎರಡೂವರೆ ಗಂಟೆಯ ಕಛೇರಿ ಆ ಮಟ್ಟದಲ್ಲಿ ನಡೆದರೆ ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು ನಾದಾನುಸಂಧಾನವಲ್ಲ. ಮಧ್ಯಂತರ ಇದ್ದರೆ ಮಿಕ್ಸರ್ ಹತ್ತಿರ ಹೋಗಿ ‘ಮೃದಂಗ ಸ್ವಲ್ಪ ಕಮ್ಮಿ ಮಾಡಿ ಸರ್’ ಎಂದರೆ ಕೇಳುವವರಿದ್ದಾರೆ. ‘ಸೌಂಡ್ ಚೆನ್ನಾಗಿಲ್ಲ’ ಎಂದರೆ ಅವರೇನು ಮಾಡಬೇಕು? ಯಾವ ವಾದ್ಯ, ಜಾಸ್ತಿಯೋ ಕಮ್ಮಿಯೋ ಎಂದು ಹೇಳಬೇಕು.

ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗುವವರ ಬಗ್ಗೆ ಬರೆಯಬಾರದೆಂದಿದ್ದರೂ ಒಂದು ಮಾತು: ಎದ್ದರೆ ತನಿ ಮುಗಿಯುವವರೆಗೆ ಹೊರಗೇ ಇರಿ. ಮುಕ್ತಾಯದ ಮೂರನೇ ಸುತ್ತಿಗೆ ಸರಿಯಾಗಿ ಸಾಲಿನೊಳಗೆ ನುಗ್ಗುವವರಿಂದಲೇ ಹೆಚ್ಚು ಕಿರಿಕಿರಿ.

ಮೈಸೂರಿನವರು ಈಗಾಗಲೇ ‘ನಮ್ಮ ಎಂಟನೇ ಕ್ರಾಸ್ ಎಲ್ಲಿ’ ಎನ್ನುತ್ತಿರಬಹುದು. ಒಪ್ಪಿದೆ. ವಿ.ವಿ. ಮೊಹಲ್ಲಾದ ಆ ಗಣಪತಿ ಉತ್ಸವದಲ್ಲಿ ರಸ್ತೆಯೇ ಸಭಾಂಗಣ. ಘಟಾನುಘಟಿಗಳು ಬಂದು ಹಾಡುತ್ತಾರೆ. ಎರಡೂ ಕಡೆ ಕಟ್ಟಡ ಇರುವ ರಸ್ತೆ ಬರೀ ಮೈದಾನಕ್ಕಿಂತ ಚೆನ್ನಾಗಿ ಧ್ವನಿ ಹಿಡಿಯುತ್ತದೆ. ಭಾದ್ರಪದದ ಮಳೆಗೆ ಕೊಡೆ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಶಿಫಾರಸು: ಮೈಕಿಲ್ಲದ ಮನೆ ಕಛೇರಿ. ನಲವತ್ತು ಐವತ್ತು ಜನ ಹಿಡಿಸುವ ಹಜಾರ, ನೆಲಕ್ಕೆ ಜಮಖಾನ, ತಂತಿಯ ತಂಬೂರಿ. ಕಂಠಕ್ಕೆ ತಕ್ಕಂತೆ ಮೃದಂಗದವರು ತಾವೇ ಕೈ ಇಳಿಸುತ್ತಾರೆ. ಎಡಗಡೆಗೆ ಮೆತ್ತಿದ ರವೆಯ ಹದದಿಂದ ಬರುವ ಗುಂಕಾರ ಯಾವ ಸ್ಪೀಕರಿನಲ್ಲೂ ಹಾಗೆ ಬರುವುದಿಲ್ಲ. ಇಲ್ಲಿ ಜಾಗದ ಲೆಕ್ಕ ಬೇರೆ. ಬಲಗೈಯವರಾದರೆ ಮೃದಂಗದವರು ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ವಾದ್ಯದ ಬಲಮುಖ ಸಭೆಯ ಕಡೆ ಇರಲೆಂದು. ಪಿಟೀಲು ನಮ್ಮ ಬಲಕ್ಕೆ. ವಾದಕರು ಎಡಚರಾದರೆ ಎರಡೂ ಅದಲುಬದಲು. ಮೃದಂಗದ ಚಾಪು, ಮೀಟು ಎಂಬ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಬೇಕೆನ್ನುವವರು ಎಡಕ್ಕೆ, ಪಿಟೀಲಿನ ಬಿಲ್ಲಿನ ಉಸಿರು ಕೇಳಬೇಕೆನ್ನುವವರು ಬಲಕ್ಕೆ ಕೂರಲಿ. ಕಂಠ ಎರಡೂ ಕಡೆಗೆ ಸಿಗುತ್ತದೆ. ಫ್ಯಾನಿನ ಕೆಳಗೆ ಮಾತ್ರ ಬೇಡ, ರೆಕ್ಕೆಯ ಸದ್ದು ಮಂದ್ರವನ್ನು ತಿಂದುಹಾಕುತ್ತದೆ. ಇಂಥ ಕಛೇರಿಗಳಿಗೆ ಜಾಹೀರಾತು ಇರುವುದು ಕಮ್ಮಿ. ಸುದ್ದಿ ಓಡುವುದು ವಾಟ್ಸಾಪ್‌ನಲ್ಲಿ, ಮೇಷ್ಟ್ರುಗಳ ಬಾಯಲ್ಲಿ. ಹತ್ತಿರದ ಯಾವುದಾದರೂ ಸಂಗೀತ ಪಾಠಶಾಲೆಯಲ್ಲಿ ವಿಚಾರಿಸಿ ನಂಬರ್ ಕೊಟ್ಟು ಬಂದರೆ ಕರೆ ಬರುತ್ತದೆ.