ಹಳೇ ಗೇಮಿಂಗ್ ಪಿಸಿಗೆ ರೈಜೆನ್ 5 5600: ಗೋಣಿಕೊಪ್ಪದಿಂದ ಒಂದು ರಿವ್ಯೂ

ಬಿ450 ಮದರ್‌ಬೋರ್ಡ್ (ಎಎಂಡಿ ಪ್ರೊಸೆಸರ್ ಕೂರುವಂಥದ್ದು) ಇರುವ ಹಳೇ ಪಿಸಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪ್ರೊಸೆಸರ್ ಒಂದನ್ನೇ ಬದಲಿಸಿ, ಎಎಂಡಿಯ ರೈಜೆನ್ 5 5600 ಹಾಕಿ ನೋಡಿ. ನನ್ನದು 2018ರ ಕಾಲದ ಸೆಟ್ಟು: ರೈಜೆನ್ 5 2600, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್. ಇಲ್ಲಿ ಗೋಣಿಕೊಪ್ಪದಲ್ಲಿ ಯಾರನ್ನು ಕೇಳಿದರೂ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸು ಅಂದರು. ಮೈಸೂರಿನ ಅಂಗಡಿಯೊಂದು ಇಡೀ ಪಿಸಿಗೇ ಕೊಟೇಶನ್ ಕಳಿಸಿತು. ಎಎಂಡಿಯ ಹೊಸ ಪೀಳಿಗೆಯ ಎಎಂ5 ಬೋರ್ಡು, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಹಾಗಾಗಿ ಇರುವ ರ‍್ಯಾಮ್ ದಂಡ.

ದುಡ್ಡು ಬಿಚ್ಚುವ ಮುಂಚೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ನೋಡಬೇಕಲ್ವಾ? ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ವಿ-ಸಿಂಕ್ (ಮಾನಿಟರಿನ ವೇಗಕ್ಕೆ ಆಟದ ಚಿತ್ರಗಳನ್ನು ಹೊಂದಿಸುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಮಿತಿ ಎರಡನ್ನೂ ತೆಗೆದು, ಆಟದ ನಡುವೆ ಕಾರ್ಡ್ ಎಷ್ಟು ಪರ್ಸೆಂಟ್ ದುಡಿಯುತ್ತಿದೆ ಅಂತ ಪರದೆಯ ಮೂಲೆಯಲ್ಲಿ ನೋಡುತ್ತಾ ಇರಿ. 98, 99ರಲ್ಲಿ ನಿಂತಿದ್ದರೆ ಕಾರ್ಡ್‌ಗೆ ಸುಸ್ತಾಗಿದೆ. 60, 70ರಲ್ಲಿ ಓಲಾಡುತ್ತಾ ಆಟ ತಡವರಿಸಿದರೆ ಸಾಮಾನ್ಯವಾಗಿ ಪ್ರೊಸೆಸರ್ ಹಿಂದೆ ಬಿದ್ದಿದೆ ಅಂತ ಅರ್ಥ. ನಾನು ಆಡುವುದು ಕೌಂಟರ್-ಸ್ಟ್ರೈಕ್ 2 ಮತ್ತು ವ್ಯಾಲರಂಟ್. ಎರಡೂ ಪ್ರೊಸೆಸರನ್ನೇ ಹಿಂಡುತ್ತವೆ. ಸೈಬರ್‌ಪಂಕ್ 2077 ಥರದ ಆಟಕ್ಕೆ ಲೆಕ್ಕ ಉಲ್ಟಾ, ಅದನ್ನು ಆಡುವವರು ಕಾರ್ಡೇ ಕೊಳ್ಳಲಿ.

5600 ಬಂದದ್ದು 2022ರಲ್ಲಿ. 2600ರ ಹಾಗೇ ಆರು ಕೋರ್, ಹನ್ನೆರಡು ಥ್ರೆಡ್. ಹಾಗಾದರೆ ಏನು ಬದಲಾಯಿತು ಅಂತೀರಾ? ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗೇ ಇರುವ ವೇಗದ ಮೆಮೊರಿ, 16 ಎಂಬಿಯಿಂದ 32ಕ್ಕೆ ಏರಿದೆ. ಅದೂ ಹಳೆಯದರಲ್ಲಿ ಎಂಟೆಂಟು ಎಂಬಿಯಾಗಿ ಎರಡು ಪಾಲು, ಇದರಲ್ಲಿ ಆರೂ ಕೋರುಗಳಿಗೆ ಒಂದೇ ಒಟ್ಟು ಕುಟುಂಬ. ಆಟದಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಸ್ಮೋಕ್ ಬಿದ್ದಾಗ, ನಾಲ್ಕೈದು ಜನ ಒಂದೇ ಕಡೆ ಗುಂಡು ಹಾರಿಸುವಾಗ ಮೊದಲು ಜಗ್ಗುತ್ತಿದ್ದದ್ದು ಈಗ ಇಲ್ಲ. ಸರಾಸರಿ ಎಫ್‌ಪಿಎಸ್ ಏರಿದ್ದಕ್ಕಿಂತ ನನಗೆ ಇದೇ ದೊಡ್ಡದು. ಮಾನಿಟರ್ 60 ಹರ್ಟ್ಸ್‌ನದ್ದಾದರೆ (ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದು) ಲಾಭ ಅರ್ಧವೂ ಕಾಣಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡೂ ಚಿಪ್ 65 ವಾಟಿನವೇ. ಹಳೇ ಪವರ್ ಸಪ್ಲೈ, ಹಳೇ ಯುಪಿಎಸ್ ಹಾಗೇ ನಡೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದ ನಮ್ಮಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಅಂದ ಹಾಗೆ, ಪಿಸಿಯನ್ನು ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಕೊಡಬೇಡಿ, ಒಳ್ಳೆಯ ಪವರ್ ಸಪ್ಲೈಗಳಿಗೆ ಅದು ಆಗಿಬರುವುದಿಲ್ಲ. ಏಪ್ರಿಲ್, ಮೇ ಸಿಡಿಲಿಗೆ ಪ್ಲಗ್ ಜೊತೆ ಲ್ಯಾನ್ ಕೇಬಲ್ ಕೂಡ ಕೀಳಿ.

ಕಿರಿಕಿರಿ ಇರುವುದು ಹಾಕುವ ಕೆಲಸದಲ್ಲಿ. ಹಳೇ ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದಿದ್ದರೆ 5600 ಏಳುವುದೇ ಇಲ್ಲ. ಹಳೇ ಚಿಪ್ ಇನ್ನೂ ಕೂತಿರುವಾಗಲೇ ಅದನ್ನು ಮಾಡಿ ಮುಗಿಸಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ, ಆದ್ದರಿಂದ ಗಾಳಿಮಳೆ ಇಲ್ಲದ ದಿನ ನೋಡಿ, ಯುಪಿಎಸ್ ಬ್ಯಾಟರಿ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡು ಕೂರಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಚಿಪ್ ಬದಲಾದಾಗ ಬೋರ್ಡು ಟಿಪಿಎಂ (ಆ ಬೀಗದ ಕೀಲಿ ಇಡುವ ಭಾಗ) ರೀಸೆಟ್ ಮಾಡಲಾ ಅಂತ ಕೇಳುತ್ತದೆ. ಇನ್ನು ಚಿಪ್ಪನ್ನು ತಂಪಾಗಿಡುವ ಕೂಲರ್. ಅದಕ್ಕೂ ಚಿಪ್ಪಿಗೂ ನಡುವೆ ವರ್ಷಗಟ್ಟಲೆ ಒಣಗಿದ ಪೇಸ್ಟ್, ಮೇಲೆ ನಮ್ಮ ಡಿಸೆಂಬರ್ ಚಳಿ. ಸುಮ್ನೆ ಎಳೆದರೆ ಚಿಪ್ಪೂ ಜೊತೆಗೇ ಕಿತ್ತು ಬಂದು ಪಿನ್ ಬಾಗುತ್ತದೆ. ಒಂದಷ್ಟು ಹೊತ್ತು ಆಟ ಆಡಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಆಚೀಚೆ ತಿರುಗಿಸಿ ಎತ್ತಿ.

ಜೊತೆಗೆ ಬರುವ ಕೂಲರ್ ಸಾಧಾರಣ. ಕೆಲಸ ಮಾಡುತ್ತದೆ, ಆದರೆ ಹೊರೆ ಬಿದ್ದಾಗ ಸದ್ದು ಜಾಸ್ತಿ. ಅದಕ್ಕೆ ಅರ್ಧ ಸ್ಟಾರ್ ಕಡಿಮೆ, ಒಟ್ಟು ಐದಕ್ಕೆ ನಾಲ್ಕೂವರೆ.

ಇನ್ನೂ ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಓಡಿಸುತ್ತಿರುವವರು ಮೊದಲು ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ಮಿಕ್ಕ ಮಾತು. ಎಂಟು ಜಿಬಿಯ ಒಂದೇ ರ‍್ಯಾಮ್ ಇದ್ದರೆ ಅಂಥದ್ದೇ ಇನ್ನೊಂದು. ಮುಂದೆ ನನ್ನ 1060 ಕೈಕೊಟ್ಟರೆ ಆರ್‌ಎಕ್ಸ್ 6600 ನೋಡುವ ಯೋಚನೆ ಇದೆ. ಅದು 132 ವಾಟ್, 1060ರ 120ಕ್ಕಿಂತ ಸ್ವಲ್ಪವೇ ಜಾಸ್ತಿ.

ಕೊಳ್ಳುವಾಗ ಡಬ್ಬದ ಮೇಲಿನ ಹೆಸರು ಸರಿಯಾಗಿ ಓದಿ. 5600ಜಿ ಬೇರೆ ಚಿಪ್. ಅದರಲ್ಲಿ ಒಳಗೇ ಗ್ರಾಫಿಕ್ಸ್ ಇರುತ್ತದೆ, ಆದರೆ ಕ್ಯಾಶ್ 16 ಎಂಬಿ ಮಾತ್ರ. ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಕೆಟ್ಟರೆ ಪರದೆ ಕಪ್ಪು. ಟ್ರೇ ಪೀಸ್ (ಡಬ್ಬವಿಲ್ಲದ ಬಿಡಿ ಚಿಪ್) ಕಮ್ಮಿಗೆ ಕೊಡ್ತೀವಿ ಅಂದರೆ ಕೂಲರ್ ಬರುತ್ತಾ, ವಾರಂಟಿ ಯಾರದ್ದು ಅಂತ ಕೇಳಿಯೇ ದುಡ್ಡು ಕೊಡಿ.