ಉತ್ತರ ಒಂಟಾರಿಯೊದಲ್ಲಿ ಕಾಯಂ ವಾಸದ (ಪಿಆರ್) ಆಸೆ ತೋರಿಸಿ ಸಂಬಳ ವಾಪಸ್ ಕೇಳುವವರಿದ್ದಾರೆ, ಎಚ್ಚರ

ಟೊರಾಂಟೊ ಸುತ್ತಮುತ್ತಲಿನ ಬಾಡಿಗೆ ಭರಿಸಲಾಗದೆ, ಅಂಕಗಳ ಆಧಾರದಲ್ಲಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅಂಕಗಳೂ ಸಾಲದೆ, ಕೆನಡಾದ ಉತ್ತರದ ಸಣ್ಣ ಪಟ್ಟಣಗಳತ್ತ ಹೊರಟಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂಟಾರಿಯೊ ಪ್ರಾಂತ್ಯದ ಟಿಮ್ಮಿನ್ಸ್, ಸಡ್ಬರಿ, ನಾರ್ತ್ ಬೇ, ಥಂಡರ್ ಬೇ ಮುಂತಾದ ಊರುಗಳಿಗೆ ಕೆಲಸಗಾರರು ನಿಜವಾಗಿಯೂ ಬೇಕಾಗಿದ್ದಾರೆ. ಅಲ್ಲಿಯ ಯುವಕರು ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದಾರೆ. ಗಣಿ, ಆಸ್ಪತ್ರೆ, ವೃದ್ಧಾಶ್ರಮ, ಹೋಟೆಲುಗಳಿಗೆ ಜನ ಸಿಗುವುದು ಕಷ್ಟವಾಗಿದೆ. ಈ ಕೊರತೆ ನೀಗಿಸಲೆಂದೇ ಕೆನಡಾ ಸರ್ಕಾರ 2019ರಲ್ಲಿ 11 ಸಮುದಾಯಗಳನ್ನು ಆರಿಸಿ ಗ್ರಾಮೀಣ ಮತ್ತು ಉತ್ತರ ವಲಸೆ ಯೋಜನೆಯನ್ನು ಆರಂಭಿಸಿತು. ಉದ್ದೇಶ ಒಳ್ಳೆಯದೇ. ಆದರೆ ಸ್ಥಳೀಯ ಮಾಲೀಕನೊಬ್ಬ ಕೆಲಸದ ಪತ್ರ ಕೊಟ್ಟರೆ ಮಾತ್ರ ಊರಿನ ಶಿಫಾರಸು, ಶಿಫಾರಸು ಸಿಕ್ಕರೆ ಮಾತ್ರ ಪಿಆರ್ ಅರ್ಜಿ ಎಂಬ ವ್ಯವಸ್ಥೆಯಲ್ಲಿ ನಮ್ಮ ಭವಿಷ್ಯವೆಲ್ಲ ಒಂದು ಸಹಿಯ ಮೇಲೆ ನಿಲ್ಲುತ್ತದೆ. ಆ ಸಹಿಗೆ ಬೆಲೆ ಕಟ್ಟುವವರೂ ಇದ್ದಾರೆ.

ಟೊರಾಂಟೊದಿಂದ ಸುಮಾರು 700 ಕಿಲೋಮೀಟರ್ ದೂರದ ಟಿಮ್ಮಿನ್ಸ್‌ನಲ್ಲಿ, ಓದು ಮುಗಿಸಿದ ಮೇಲೆ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ಮಾಲೀಕರು ಭಾರತದವರೇ. ಉಳಿಯಲು ಅವರ ಮನೆಯ ನೆಲಮಾಳಿಗೆಯ ಕೋಣೆ. ಚಳಿಗಾಲದಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವ ಆ ಊರಿನಲ್ಲಿ ರಾತ್ರಿ ಪಾಳಿ ಮುಗಿದ ಮೇಲೆ ಹಿಂದಿರುಗಲು ಅವರದೇ ವ್ಯಾನ್. ಆರಂಭದಲ್ಲಿ ಇದೆಲ್ಲ ಉಪಕಾರದಂತೆಯೇ ಇತ್ತು.

2024ರ ಮಾರ್ಚ್‌ನಲ್ಲಿ, ಯೋಜನೆ ಆಗಸ್ಟ್ ಕೊನೆಗೆ ಮುಚ್ಚುತ್ತದೆ ಎಂಬ ಪ್ರಕಟಣೆ ಬಂದ ಕೂಡಲೇ ಮಾಲೀಕರ ಮಾತಿನ ಧಾಟಿ ಬದಲಾಯಿತು. ಪತ್ರಕ್ಕೆ ಸಹಿ ಬೇಕಾದರೆ ಪ್ರತಿ ಸಂಬಳದಲ್ಲೂ ಒಂದು ಭಾಗವನ್ನು ನಗದಾಗಿ ಹಿಂದಿರುಗಿಸಬೇಕು ಎಂದರು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು: ಬ್ಯಾಂಕಿಗೆ ಪೂರ್ತಿ ಸಂಬಳ ಜಮೆಯಾಗುತ್ತಿತ್ತು, ತೆರಿಗೆಯೂ ಕಡಿತವಾಗುತ್ತಿತ್ತು. ಅದೇ ಸಂಜೆ ನಾವು ಎಟಿಎಂನಿಂದ ಹಣ ತೆಗೆದು ಲಕೋಟೆಯಲ್ಲಿ ಹಾಕಿ ಕೊಡಬೇಕಿತ್ತು. ಅವರು ಉಗ್ರಾಣದಲ್ಲಿ ಮೈದಾ ಮೂಟೆಗಳ ಪಕ್ಕ ನಿಂತು ನೋಟು ಎಣಿಸಿಕೊಳ್ಳುತ್ತಿದ್ದರು. ಒಂಟಾರಿಯೊದಲ್ಲಿ ವಾರಕ್ಕೆ 44 ಗಂಟೆ ಮೀರಿದ ಕೆಲಸಕ್ಕೆ ಸಾಮಾನ್ಯವಾಗಿ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆ ಹೆಚ್ಚುವರಿ ಗಂಟೆಗಳು ನಮ್ಮ ಸಂಬಳ ಚೀಟಿಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಇನ್ನು ಕೊಡುವುದಿಲ್ಲ ಎಂದು ನಾನು ಹೇಳಿದಾಗ ಮೊದಲು ಪಾಳಿಗಳು ಕಡಿಮೆಯಾದವು, ಆಮೇಲೆ ಕೋಣೆ ಖಾಲಿ ಮಾಡಲು ಹೇಳಿದರು, ಕೊನೆಗೆ ಪತ್ರವನ್ನೇ ಹಿಂತೆಗೆದುಕೊಂಡರು. ಅವರ ಅಡುಗೆಮನೆ, ಬಚ್ಚಲನ್ನೇ ನಾವೂ ಬಳಸುತ್ತಿದ್ದುದರಿಂದ ಬಾಡಿಗೆದಾರರ ರಕ್ಷಣೆಯ ಕಾಯ್ದೆ ನನಗೆ ಅನ್ವಯಿಸಲಿಲ್ಲ. ಮಾಲೀಕನೊಂದಿಗೆ ಇವೆರಡರಲ್ಲಿ ಒಂದನ್ನು ಹಂಚಿಕೊಂಡರೂ ಆ ರಕ್ಷಣೆ ಇಲ್ಲ ಎಂಬುದನ್ನು ಕೋಣೆ ನೋಡಲು ಹೋಗುವ ಮೊದಲೇ ತಿಳಿದಿರಿ.

ಪ್ರಾಂತ್ಯದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ. ನಗದಿಗೆ ರಸೀದಿ ಇರಲಿಲ್ಲವಾದರೂ, ಸಂಬಳದ ದಿನಗಳಂದೇ ಹಣ ತೆಗೆದಿರುವುದನ್ನು ತೋರಿಸುವ ಬ್ಯಾಂಕ್ ವಿವರಗಳೂ, 'ಇವತ್ತು ಲಕೋಟೆ ಮರೆಯಬೇಡ' ಎಂಬಂಥ ಅವರ ವಾಟ್ಸ್‌ಆ್ಯಪ್ ಸಂದೇಶಗಳೂ ನನ್ನಲ್ಲಿದ್ದವು. ಬಾಕಿಯ ಒಂದು ಭಾಗ ಕೈಗೆ ಬಂತು. ಆದರೆ ಅಷ್ಟರಲ್ಲಿ ಯೋಜನೆ ಮುಚ್ಚಿತ್ತು; ಕಳೆದುಹೋದ ಆ ಅವಕಾಶವನ್ನು ಯಾವ ಇಲಾಖೆಯೂ ಹಿಂದಿರುಗಿಸಲಾರದು. ನನ್ನ ಜೊತೆಗಿದ್ದವರು ಭಯದಿಂದ ದೂರನ್ನೇ ಕೊಡಲಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಇಂಥ ಮಾಲೀಕರು ನಂಬಿರುವುದು ಆ ಭಯವನ್ನೇ.

2025ರಲ್ಲಿ ಇದರ ಜಾಗಕ್ಕೆ 14 ಸಮುದಾಯಗಳ ಹೊಸ ಗ್ರಾಮೀಣ ವಲಸೆ ಯೋಜನೆ ಬಂದಿದೆ. ಇದರಲ್ಲಿ ಆಯಾ ಊರಿನ ಆರ್ಥಿಕ ಅಭಿವೃದ್ಧಿ ಸಂಸ್ಥೆ ಮಾನ್ಯ ಮಾಡಿದ ಮಾಲೀಕರು ಮಾತ್ರ ಕೆಲಸದ ಪತ್ರ ಕೊಡಬಹುದು. ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೀವೇ ಖಚಿತಪಡಿಸಿಕೊಳ್ಳಿ. ಆದರೆ ಹೆಸರಿದ್ದ ಮಾತ್ರಕ್ಕೆ ಆ ಮನುಷ್ಯ ಪ್ರಾಮಾಣಿಕ ಎಂದು ನಂಬಬೇಡಿ. ಈ ಯೋಜನೆಯಡಿ ಸಿಗುವ ಕೆಲಸದ ಪರವಾನಗಿ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ್ದಾಗಿರುವುದರಿಂದ ಹಿಡಿತ ಇನ್ನೂ ಬಿಗಿಯಾಗುತ್ತದೆ. ಹಾಗೆ ಸಿಕ್ಕಿಕೊಂಡು ಶೋಷಣೆಗೆ ಒಳಗಾದವರಿಗಾಗಿ 2019ರಿಂದ ಪ್ರತ್ಯೇಕ ಮುಕ್ತ ಪರವಾನಗಿ, ಅಂದರೆ ಒಬ್ಬ ಮಾಲೀಕನಿಗೆ ಕಟ್ಟಿಹಾಕದ ಪರವಾನಗಿ, ಇದೆ. ಅದಕ್ಕೆ ಶುಲ್ಕವಿಲ್ಲ, ಹಣ ಕೀಳುವುದನ್ನೂ ಅದು ಶೋಷಣೆ ಎಂದೇ ಪರಿಗಣಿಸುತ್ತದೆ. ಈ ದಾರಿ ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ.

ಭಾರತದಲ್ಲೇ ಕುಳಿತು, ಕೆಲಸದ ಪತ್ರ ಖಚಿತ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರ ವಿಷಯವೂ ಇದೇ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಣಿ ಇದೆಯೇ ಎಂಬುದನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಒಂಟಾರಿಯೊದ ಕಾನೂನಿನಲ್ಲಂತೂ ವಿದೇಶಿ ಕೆಲಸಗಾರರಿಂದ ನೇಮಕಾತಿಗೆ ಹಣ ಪಡೆಯುವುದೂ, ಅವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೂ ನಿಷಿದ್ಧ.

ಉತ್ತರಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಕೆಲಸ, ಮನೆ, ವಾಹನ ಮೂರೂ ಒಬ್ಬರ ಕೈಯಲ್ಲಿ ಇರದಂತೆ ನೋಡಿಕೊಳ್ಳಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಬೇರೆಯವರ ಮನೆ ಹಿಡಿಯಿರಿ. ಮಾಡಿದ ಗಂಟೆಗಳನ್ನು ದಿನದಿನವೂ ಬರೆದಿಡಿ. ಹಣ ವಾಪಸ್ ಕೇಳಿದ ಮೊದಲ ದಿನವೇ ಆ ಸಂದೇಶವನ್ನು ಉಳಿಸಿಕೊಂಡು, ಪಟ್ಟಣದ ವಲಸಿಗರ ಸೇವಾ ಕೇಂದ್ರಕ್ಕೆ ಹೋಗಿ ತೋರಿಸಿ.